ಮೆತ್ತನೆ ನೆಲದ ಮೇಲೆ ಕಾಂಕ್ರೀಟ್ ಪಂಪ್ ಗಾಡಿ ನಿಲ್ಲಿಸಲ್ಲ ಅಂದೆ. ಮರುದಿನ ಬೇರೆಯವರು ಅಲ್ಲೇ ನಿಲ್ಲಿಸಿದರು, ಏನೂ ಆಗಲಿಲ್ಲ. ನಾನು ಮಾಡಿದ್ದು ಸರೀನಾ?

ಬೂಮ್_ತುಮಕೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು ಒಂದೇ ಒಂದು ಬೂಮ್ ಪಂಪ್, ಉದ್ದ ಕೈ (ಬೂಮ್) ಚಾಚಿ ಕಾಂಕ್ರೀಟ್ ಹಾಕುವ ಗಾಡಿ. 36 ಮೀಟರ್, ಸೆಕೆಂಡ್ ಹ್ಯಾಂಡ್. ಮಾಲೀಕನೂ ನಾನೇ, ಆಪರೇಟರೂ ನಾನೇ. ಹೆಲ್ಪರ್ ಅಂತ ಅಕ್ಕನ ಮಗ ಜೊತೆಗಿದ್ದಾನೆ. ಹದಿನೈದು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಪಂಪ್ ಓಡಿಸಿ, ಆಮೇಲೆ ಊರಿಗೆ ಬಂದು ಸಾಲ ಮಾಡಿ ಇದನ್ನು ತಗೊಂಡೆ. ಕಂತು ಇನ್ನೂ ಇದೆ.

ಹೋದ ಶುಕ್ರವಾರ ಊರಾಚೆ ಒಂದು ಸೈಟಿನಲ್ಲಿ ಮೋಲ್ಡ್ ಇತ್ತು. ಬೇಸ್‌ಮೆಂಟ್ ಮೇಲಿನ ಸ್ಲ್ಯಾಬ್, 54 ಕ್ಯೂಬಿಕ್ ಮೀಟರ್ ಕಾಂಕ್ರೀಟ್. ಹಳೇ ಕಸ್ಟಮರ್. ಹಿಂದಿನ ದಿನ ಫೋನಿನಲ್ಲಿ ಜಾಗ ಹೇಗಿದೆ ಅಂತ ಕೇಳಿದ್ದೆ. "ಏ, ಫಸ್ಟ್ ಕ್ಲಾಸ್ ಜಾಗ. ಗಾಡಿ ಸೀದಾ ಒಳಗೆ ಬರುತ್ತೆ" ಅಂದರು. ಗಾಡಿ ಸೀದಾ ಒಳಗೆ ಬಂತು, ಅದು ನಿಜ.

ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ, ಪಂಪ್ ನಿಲ್ಲಿಸಬೇಕು ಅಂತ ತೋರಿಸಿದ ಜಾಗ ಬೇಸ್‌ಮೆಂಟ್ ಗೋಡೆಗೆ ಅಂಟಿಕೊಂಡೇ ಇದೆ. ಮೇಲೆ ನೋಡಿದರೆ ಚೆನ್ನಾಗಿ ಸಮ ಮಾಡಿದ ನೆಲ. ಜೆಸಿಬಿಯ ಬಕೆಟ್ ಬೆನ್ನಿನಲ್ಲಿ ತಟ್ಟಿ ನುಣ್ಣಗೆ ಮಾಡಿದ್ದಾರೆ. ನನಗೆ ಆ ನುಣುಪೇ ಅನುಮಾನ ಹುಟ್ಟಿಸಿತು. ರಾತ್ರಿ ಒಂದು ಮಳೆ ಬೇರೆ ಬಂದಿತ್ತು. ಅಲ್ಲೇ ಬಿದ್ದಿದ್ದ 12 ಎಂಎಂ ಕಂಬಿ ತಗೊಂಡು ಗಾಡಿ ಮಗುಚದ ಹಾಗೆ ಪಕ್ಕಕ್ಕೆ ಚಾಚಿ ಊರುವ ನಾಲ್ಕು ಕಾಲುಗಳಲ್ಲಿ ಮುಂದಿನ ಎಡಗಾಲು ಬರುವ ಕಡೆ ಚುಚ್ಚಿದೆ. ಸುತ್ತಿಗೆ ಇಲ್ಲ, ಏನಿಲ್ಲ, ಬರೀ ಕೈಯಲ್ಲಿ ಎರಡಡಿ ಒಳಗೆ ಹೋಯಿತು. ರಾಗಿಮುದ್ದೆಗೆ ಬೆರಳು ಹಾಕಿದ ಹಾಗೆ. ಹೊರಗೆ ತೆಗೆದರೆ ತುದಿಯಲ್ಲಿ ಹಸಿ ಕೆಂಪು ಮಣ್ಣು, ಸಿಮೆಂಟ್ ಚೀಲದ ಒಂದು ಚೂರು.

ಮೇಸ್ತ್ರಿಯನ್ನು ಕೇಳಿದೆ. ಗೋಡೆ ಹಾಕಿ, ಹಿಂದೆ ಮಣ್ಣು ತುಂಬಿ ಹತ್ತು ದಿನ ಆಗಿದೆಯಂತೆ. ಕೆಳಗೆ 12 ಅಡಿ ಆಳ. ನನ್ನ ಎಡಗಾಲು ಬರುವುದು ಗೋಡೆಯಿಂದ ಐದೇ ಅಡಿಗೆ.

ಪಂಪನ್ನು ಇನ್ನೂ ಹಿಂದಕ್ಕೆ ತಗೊಳ್ಳೋಣ ಅಂದರೆ ಪಕ್ಕದವರ ಕಾಂಪೌಂಡ್. ಬಲಗಾಲು ಅರ್ಧಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ರಸ್ತೆಯಲ್ಲಿ ನಿಲ್ಲಿಸೋಣ ಅಂದರೆ ನೆತ್ತಿಯ ಮೇಲೆ 11 ಕೆವಿ ಲೈನ್. ಅವರ ಸೈಟ್ ಎಂಜಿನಿಯರ್ ಸಣ್ಣ ಹುಡುಗ. "ಲೈನಿಂದ 1.2 ಮೀಟರ್ ಬಿಟ್ಟರೆ ಸಾಕು ಸರ್, ರೂಲ್ಸಲ್ಲೇ ಇದೆ" ಅಂದ. ಪಂಪ್ ಹೊಡೆಯುವಾಗ ಬೂಮಿನ ತುದಿ ಎಷ್ಟು ಕುಣಿಯುತ್ತೆ ಅಂತ ಅವನು ನೋಡಿದ್ದಾನೋ ಇಲ್ಲವೋ. ಲೈನ್‌ನಿಂದ ಐದು ಮೀಟರ್ ಒಳಗೆ ನಾನು ಬೂಮ್ ತರುವುದಿಲ್ಲ. ಇದು ನಾನೇ ಇಟ್ಟುಕೊಂಡ ಲೆಕ್ಕ.

ಆಗುವುದಿಲ್ಲ ಅಂದೆ. ಎರಡು ದಾರಿಯನ್ನೂ ಹೇಳಿದೆ. ಒಂದು, ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸುವ ಅನುಮತಿ, ತಗೊಳ್ಳಿ, ಲೈನ್ ಆಫ್ ಆದ ಮೇಲೆ ರಸ್ತೆಯಿಂದ ಹೊಡೆದುಕೊಡುತ್ತೇನೆ. ಇಲ್ಲವೇ ಬೂಮ್ ಇಲ್ಲದ ಲೈನ್ ಪಂಪ್ ತರಿಸಿ, ಪೈಪ್ ಎಳೆದು ಹಾಕಿಸಿ. ನನ್ನ ಪರಿಚಯದವರದ್ದೇ ಇದೆ, ನಾನೇ ಫೋನ್ ಮಾಡುತ್ತೇನೆ ಅಂತಲೂ ಅಂದೆ.

ಅಷ್ಟು ಹೊತ್ತಿಗೆ ಪೂಜೆ ಆಗಿತ್ತು. ಕಾಯಿ ಒಡೆದು, ಸೆಂಟ್ರಿಂಗ್ ಶೀಟಿಗೆ ಕುಂಕುಮ ಹಚ್ಚಿದ್ದರು. ಹತ್ತೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಮೊದಲ ಕಾಂಕ್ರೀಟ್ ಬೀಳಬೇಕು. ಕಾಂಕ್ರೀಟ್ ತರುವ ಲಾರಿ (ಟಿಎಂ) ಒಂದು ಬಂದು ಗೇಟಿನಲ್ಲಿ ಡ್ರಮ್ ತಿರುಗಿಸುತ್ತಾ ನಿಂತಿದೆ. ಎರಡನೆಯದು ದಾರಿಯಲ್ಲಿದೆ. ಮೂರನೆಯದು ಪ್ಲಾಂಟಿನಲ್ಲಿ ಲೋಡ್ ಆಗಿದೆ. ನಲವತ್ತು ಜನಕ್ಕೆ ಪಲಾವ್, ಕೇಸರಿಬಾತ್ ಬೇಯುತ್ತಿದೆ. ಇದರ ನಡುವೆ ನಾನೊಬ್ಬ ಕಂಬಿ ಹಿಡಿದುಕೊಂಡು ಆಗಲ್ಲ ಅನ್ನುತ್ತಾ ನಿಂತಿದ್ದೇನೆ.

ಮೊದಲು ಪ್ರೀತಿಯಿಂದ ಕೇಳಿದರು. ಆಮೇಲೆ "ಕಾಲಿನ ಕೆಳಗೆ ನಾಲ್ಕು ರೈಲ್ವೆ ಸ್ಲೀಪರ್ ಹಾಕಿಕೊಡ್ತೀವಿ" ಅಂದರು. ಆಮೇಲೆ "ಎರಡು ಸಾವಿರ ಜಾಸ್ತಿ ತಗೊಳ್ಳಿ". ಕೊನೆಗೆ, "ಏನಾದರೂ ಆದರೆ ನನ್ನ ಜವಾಬ್ದಾರಿ, ನೀವು ಹೊಡೀರಿ". ಬರೆದುಕೊಡಿ ಅಂದೆ. ಮುಖ ಕೆಂಪಗಾಯಿತು. "ಹೆದರಿಕೆ ಇದ್ದರೆ ಈ ಕೆಲಸಕ್ಕೆ ಯಾಕೆ ಬರ್ತೀಯ" ಅಂತ ನಲವತ್ತು ಜನರ ಎದುರಿಗೆ ಏಕವಚನದಲ್ಲಿ ಅಂದರು.

ವಾಪಸ್ ಬಂದೆ. ಮೊದಲನೇ ಟಿಎಂ ಅನ್ನು ಪ್ಲಾಂಟಿನವರು ಬೇರೆ ಸೈಟಿಗೆ ತಿರುಗಿಸಿದರಂತೆ, ಎರಡನೆಯದು ಸುರಿದು ಹಾಳು. ಆ 6 ಕ್ಯೂಬಿಕ್ ದುಡ್ಡನ್ನು ನನ್ನ ಲೆಕ್ಕಕ್ಕೆ ಬರೆದಿದ್ದಾರೆ. ಹಳೇ ಬಿಲ್ 64,000 ಬಾಕಿ ಇತ್ತು, ಅದನ್ನೂ ಹಿಡಿದಿಟ್ಟುಕೊಂಡಿದ್ದಾರೆ.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಶನಿವಾರ ಬೇರೆ ಪಂಪ್ ಬಂತು. ಅದೇ ಜಾಗದಲ್ಲಿ, ಅದೇ ಮಣ್ಣಿನ ಮೇಲೆ ಕಾಲೂರಿ, 54 ಕ್ಯೂಬಿಕ್ ಹೊಡೆದು ಸಂಜೆ ನಾಲ್ಕಕ್ಕೆ ತೊಳೆದುಕೊಂಡು ಹೋಯಿತು. ಏನೂ ಆಗಲಿಲ್ಲ. ಕಸ್ಟಮರ್ ಆ ಫೋಟೋ ನನಗೆ ವಾಟ್ಸಾಪಿನಲ್ಲಿ ಕಳಿಸಿದರು, ಒಂದು ಮಾತೂ ಬರೆಯದೆ.

ಮನೆಯಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ಅಕ್ಕನ ಮಗ ಮಾತ್ರ, "ಮಾಮ, ಅವರಿಗೆ ನಿಲ್ಲಿಸೋಕೆ ಆಯ್ತಲ್ಲ?" ಅಂದ. ಉತ್ತರ ಹೊಳೆಯಲಿಲ್ಲ. ನೀವು ಹೇಳಿ, ನಾನು ಜಾಸ್ತಿ ಹೆದರಿದೆನಾ? ಮತ್ತೆ, ಗಿರಾಕಿ ಕಳೆದುಕೊಳ್ಳದ ಹಾಗೆ ಇಲ್ಲ ಅನ್ನುವುದು ಹೇಗೆ?

ಹೈಡ್ರಾ_ಹುಬ್ಬಳ್ಳಿ

ಅಣ್ಣಾ, ನೀವು ಮಾಲೀಕರು. ಇಲ್ಲ ಅಂದು ಗಾಡಿ ತಿರುಗಿಸಿಕೊಂಡು ಬಂದಿರಿ. ನಮ್ಮಂಥ ಡ್ರೈವರುಗಳ ಪಾಡು ಕೇಳಿ.

ನಾನು ಹೈಡ್ರಾ ಕ್ರೇನ್ ಓಡಿಸುತ್ತೇನೆ, 14 ಟನ್ನಿನದು. ಎಲ್ಲರಿಗೂ 14 ಅನ್ನುವ ನಂಬರ್ ಒಂದು ಗೊತ್ತು. ಅದು ಬೂಮ್ ಪೂರ್ತಿ ಒಳಗೆಳೆದು, ಲೋಡು ಬಂಪರಿನ ಮೂತಿಗೇ ಇದ್ದಾಗಿನ ಲೆಕ್ಕ. ಬೂಮ್ ಉದ್ದ ಬಿಟ್ಟರೆ ಮೂರೋ ನಾಲ್ಕೋ ಟನ್ ಎತ್ತಿದರೆ ದೊಡ್ಡದು. ಕ್ಯಾಬಿನ್ನಿನಲ್ಲಿ ಚಾರ್ಟ್ ಅಂಟಿಸಿರುತ್ತಾರೆ, ಓದುವವರು ಯಾರು? "14 ಟನ್ ಗಾಡಿ, 5 ಟನ್ ಎತ್ತಲ್ವಾ" ಅಂತ ನಗುತ್ತಾರೆ. ಎತ್ತಿಕೊಂಡು ಹಾಗೇ ಇಳಿಜಾರಿನಲ್ಲಿ ನಡೆಸು ಅನ್ನುತ್ತಾರೆ. ಹೈಡ್ರಾ ನಡು ಮುರಿದು ತಿರುಗುವ ಗಾಡಿ. ಲೋಡು ಹಿಡಿದುಕೊಂಡು ಓರೆ ನೆಲದಲ್ಲಿ ಸ್ಟೇರಿಂಗ್ ಪೂರ್ತಿ ಎಳೆದರೆ ಮಗ್ಗುಲಿಗೆ ಮಲಗಿಬಿಡುತ್ತದೆ.

ನಾನು ಹಿಂದೆ ಇದ್ದ ಕಡೆ ಓವರ್‌ಲೋಡ್ ಅಲಾರ್ಮಿನ ವೈರನ್ನೇ ಕಿತ್ತು ಟೇಪ್ ಸುತ್ತಿದ್ದರು. ಸುಮ್ನೆ ಕಿರುಚುತ್ತೆ, ತಲೆನೋವು ಅಂತ. ಬೇಡ ಅಂದರೆ ಮಾಲೀಕರ ಫೋನ್ ಬರುತ್ತೆ, ಕೀ ಇನ್ನೊಬ್ಬನ ಕೈಗೆ ಹೋಗುತ್ತೆ.

ಅದಕ್ಕೆ ನಾವು ಕಂಡುಕೊಂಡ ದಾರಿ ಹೇಳುತ್ತೇನೆ, ನಗಬೇಡಿ. ನಾವು ಇಲ್ಲ ಅನ್ನುವುದೇ ಇಲ್ಲ. ಗಾಡಿ ಕೆಡುತ್ತದೆ. "ಸಾಹೇಬ್ರ, ಹೋಸ್ ಲೀಕ್ ಆಗ್ಯದ, ಪ್ರೆಶರ್ ಬರವಲ್ದು." ಕೆಳಗೆ ಒಂದು ಚಮಚ ಎಣ್ಣೆ ಚೆಲ್ಲಿ ತೋರಿಸಿದರೆ ಆಯಿತು. ಅವರಿಗೂ ಮರ್ಯಾದೆ ಉಳಿಯುತ್ತೆ, ನಮಗೂ ಕೆಲಸ ಉಳಿಯುತ್ತೆ. ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಸುಳ್ಳೇ, ಒಪ್ಪಿಕೊಳ್ಳುತ್ತೇನೆ. ನೀವು ಎಲ್ಲರೆದುರು ನಿಜ ಹೇಳಿ ಬೈಸಿಕೊಂಡು ಬಂದಿರಲ್ಲ, ನನಗೆ ಹೊಟ್ಟೆಕಿಚ್ಚೇ ಆಯಿತು.

ಗುತ್ತಿಗೆದಾರ_ದಾವಣಗೆರೆ

ಎಲ್ಲರೂ ಭೇಷ್ ಅನ್ನುತ್ತೀರಿ ಅಂತ ಗೊತ್ತು. ನಾನು ಆ ಕಡೆಯವನು, ಪಂಪ್ ಕರೆಸುವವನು. ನೇರವಾಗಿ ಹೇಳಿಬಿಡುತ್ತೇನೆ.

ಕಾಲೂರಲಿಲ್ಲ, ಸರಿ. ಆದರೆ ನಿಮ್ಮದೂ ತಪ್ಪಿದೆ. ಅಲ್ಲಾರೀ, ಹಿಂದಿನ ದಿನ ಅರ್ಧ ಗಂಟೆ ಬೈಕಿನಲ್ಲಿ ಹೋಗಿ ಜಾಗ ನೋಡಿಕೊಂಡು ಬರಲು ಏನಾಗಿತ್ತು? ಫೋನಿನಲ್ಲಿ ಕೇಳಿದೆ ಅಂತೀರಿ. ಯಾವ ಕಸ್ಟಮರ್ ತಾನೇ ನಮ್ಮ ಜಾಗ ಸರಿಯಿಲ್ಲ ಅಂತಾನೆ? ಅವನ ಕಣ್ಣಿಗೆ ಅದು ನಿಜವಾಗಿಯೂ ಫಸ್ಟ್ ಕ್ಲಾಸೇ. ಗಾಡಿಗೆ ಎಷ್ಟಗಲ ಬೇಕು, ಕಾಲಿನ ಕೆಳಗೆ ಎಂಥ ನೆಲ ಬೇಕು, ಇದೆಲ್ಲ ಗೊತ್ತಿರುವುದು ನಿಮಗೆ. ಮೋಲ್ಡ್ ದಿನ ಬೆಳಿಗ್ಗೆ ಏಳು ಗಂಟೆಗೆ, ಕಾಂಕ್ರೀಟ್ ದಾರಿಯಲ್ಲಿರುವಾಗ ಆಗಲ್ಲ ಅಂದರೆ ಯಾರಿಗೂ ತಲೆ ಕೆಡುತ್ತದೆ. ಆರ್‌ಎಂಸಿ, ಅಂದರೆ ಪ್ಲಾಂಟಿನಿಂದ ಬರುವ ರೆಡಿ ಕಾಂಕ್ರೀಟ್, ಲೋಡ್ ಆದ ಮೇಲೆ ಎರಡು ಗಂಟೆಯೊಳಗೆ ಖಾಲಿ ಆಗಬೇಕು ಅಂತ ಅದರ ಮಾನದಂಡ ಐಎಸ್ 4926 ಹೇಳುತ್ತದೆ. ಗಟ್ಟಿಯಾಗುವುದನ್ನು ತಡ ಮಾಡುವ ರಿಟಾರ್ಡರ್ ಹಾಕಿದ್ದರೆ ಸ್ವಲ್ಪ ಜಾಸ್ತಿ ಸಿಗಬಹುದು. ಅಷ್ಟರಲ್ಲಿ ಬೆಸ್ಕಾಂ ಹತ್ತಿರ ಎಲ್‌ಸಿ ಸಿಗುತ್ತಾ? ನೀವು ಕೊಟ್ಟ ದಾರಿ ಅವತ್ತಿಗೆ ದಾರಿಯೇ ಅಲ್ಲ.

ಏಕವಚನ ಬಳಸಿದ್ದು, ಹಳೇ ಬಿಲ್ ಹಿಡಿದಿದ್ದು ತಪ್ಪು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬೂಮ್_ತುಮಕೂರು

ದಾವಣಗೆರೆಯವರೇ, ಓದಿ ಮೊದಲು ಸಿಟ್ಟು ಬಂತು. ಚಹಾ ಕುಡಿದು ಇನ್ನೊಂದು ಸಲ ಓದಿದೆ. ಗುರುವಾರ ಗಾಡಿ ಗುಬ್ಬಿ ಕಡೆ ಇತ್ತು, ರಾತ್ರಿ ಎಂಟಕ್ಕೆ ಬಂದೆ. ಇದು ನೆವ ಅಂತ ನನಗೂ ಗೊತ್ತು. ಹಳೇ ಗಿರಾಕಿ ಅಂತ ಸಲಿಗೆ. ಹೊಸಬರಾಗಿದ್ದರೆ ಹೋಗಿ ನೋಡುತ್ತಿದ್ದೆ.

ಹುಬ್ಬಳ್ಳಿ ಅಣ್ಣ, ಆ ಚಮಚ ಎಣ್ಣೆ ವಿದ್ಯೆ ನಾನೂ ಬೆಂಗಳೂರಿನಲ್ಲಿ ಮಾಡಿದ್ದೇನೆ. ನನ್ನದು ರಿಮೋಟಿನ ಬ್ಯಾಟರಿ.

ಸ್ಟ್ರಕ್ಚರ್_ಮೈಸೂರು

ನಾನು ಸ್ಟ್ರಕ್ಚರಲ್ ಎಂಜಿನಿಯರ್. ನಿಮ್ಮ ಅಕ್ಕನ ಮಗನ ಪ್ರಶ್ನೆಗೆ ಉತ್ತರ ಕೊಡಲು ನೋಡುತ್ತೇನೆ.

ನಿಮ್ಮ ಗಾಡಿಯ ಕಾಲಿನ ಮೇಲೆ ಒಂದು ನಂಬರ್ ಬರೆದಿರುತ್ತದೆ, ಕಿಲೋನ್ಯೂಟನ್ನಿನಲ್ಲಿ. 36 ಮೀಟರ್ ಪಂಪಿಗೆ ಸುಮಾರು 200 ಅಂದುಕೊಳ್ಳಿ, ಅಂದರೆ 20 ಟನ್. ಬೂಮ್ ಆ ಕಡೆಗೆ ಪೂರ್ತಿ ಚಾಚಿದಾಗ ಆ ಒಂದೇ ಕಾಲಿಗೆ ಬರುವ ಭಾರ ಅದು. 125 ಎಂಎಂ ಪೈಪಿನಲ್ಲಿ ಮೀಟರಿಗೆ ಹತ್ತಿರ ಹತ್ತಿರ 30 ಕೆಜಿ ಕಾಂಕ್ರೀಟ್ ಇರುತ್ತದೆ. ಬೂಮ್ ತುಂಬಿದಾಗ ಒಂದು ಟನ್ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಕಾಲಿನ ತಟ್ಟೆ 50 ಸೆಂಟಿಮೀಟರ್ ಚೌಕ ಇದ್ದರೆ ನೆಲಕ್ಕೆ ಚದರ ಮೀಟರಿಗೆ 80 ಟನ್. ನಾಲ್ಕು ರೈಲ್ವೆ ಸ್ಲೀಪರ್ ಒತ್ತಾಗಿ ಜೋಡಿಸಿದರೂ 7 ಟನ್ನಿಗಿಂತ ಕೆಳಗೆ ಇಳಿಯುವುದಿಲ್ಲ, ಅದೂ ಸ್ಲೀಪರ್ ಬಗ್ಗದೆ ಭಾರವನ್ನು ಸಮನಾಗಿ ಹಂಚಿದರೆ. ಕಂಬಿ ಕೈಯಲ್ಲೇ ಎರಡಡಿ ಇಳಿಯುವ ಹಸಿ ಮಣ್ಣಿಗೆ ಅಷ್ಟು ಹೊರುವ ಶಕ್ತಿ ಎಲ್ಲಿಂದ ಬರಬೇಕು?

ಮಣ್ಣಿಗಿಂತ ನನಗೆ ಗೋಡೆಯ ಚಿಂತೆ ಜಾಸ್ತಿ. ಬೇಸ್‌ಮೆಂಟ್ ಗೋಡೆಯನ್ನು ಸಾಮಾನ್ಯವಾಗಿ ಮೇಲೆ ಸ್ಲ್ಯಾಬ್ ಬಂದು ತಲೆ ಹಿಡಿದುಕೊಳ್ಳುತ್ತದೆ ಅಂತ ಲೆಕ್ಕ ಹಾಕಿ ಡಿಸೈನ್ ಮಾಡಿರುತ್ತೇವೆ. ಆ ಸ್ಲ್ಯಾಬನ್ನೇ ನೀವು ಅವತ್ತು ಹಾಕಲು ಹೋಗಿದ್ದು! ಅಂದರೆ ಗೋಡೆ ಬರೀ ಬುಡದ ಮೇಲೆ ನಿಂತಿದೆ, ಹಿಂದೆ 12 ಅಡಿ ಹಸಿ ಮಣ್ಣು ನೂಕುತ್ತಿದೆ, ಅದರ ಮೇಲೆ ಐದಡಿ ದೂರದಲ್ಲಿ 20 ಟನ್. ಸ್ಲ್ಯಾಬಿಗೆ ಮೊದಲೇ ಪೂರ್ತಿ ಮಣ್ಣು ತುಂಬಿದ್ದೇ ಸಾಮಾನ್ಯವಾಗಿ ಮಾಡಬಾರದ ಕೆಲಸ. ಗೋಡೆ ಒಳಕ್ಕೆ ವಾಲಿದ್ದರೆ ಸೆಂಟ್ರಿಂಗ್ ಜಾಕಿಗಳ ನಡುವೆ ಓಡಾಡುತ್ತಿದ್ದ ಹುಡುಗರು ಅದರ ಕೆಳಗೆ ಸಿಕ್ಕುತ್ತಿದ್ದರು.

ಹಾಗಾದರೆ ಶನಿವಾರ ಯಾಕೆ ಬೀಳಲಿಲ್ಲ? ಆ ಪಂಪಿನವರು ಬೂಮನ್ನು ಆ ಕಡೆ ಪೂರ್ತಿ ಚಾಚಿರಲಿಕ್ಕಿಲ್ಲ. ಒಂದು ದಿನದ ಬಿಸಿಲಿಗೆ ಮೇಲಿನ ಪದರ ಬಿಗಿಯಾಗಿರಬಹುದು. ಗೋಡೆಯಲ್ಲಿ ಯಾರೋ ಕಬ್ಬಿಣ ಧಾರಾಳ ಹಾಕಿರಬಹುದು. ಯಾವುದು ಕಾಪಾಡಿತು ಅಂತ ಅವರಿಗೂ ಗೊತ್ತಿಲ್ಲ. ಹುಡುಗನಿಗೆ ಇಷ್ಟೇ ಹೇಳಿ, ಅವರು ಕಂಬಿ ಚುಚ್ಚಿ ನೋಡಿದರಾ ಅಂತ ಕೇಳು.

ಆ 1.2 ಮೀಟರ್ ವಿಷಯ. ಅದು ಕಟ್ಟಡದ ಗೋಡೆಗೂ 11 ಕೆವಿ ಲೈನಿಗೂ ನಡುವೆ ಅಡ್ಡಕ್ಕೆ ಇರಬೇಕಾದ ಅಂತರ. ಗೋಡೆ ಕದಲುವುದಿಲ್ಲ. ಬೂಮ್ ಕದಲುತ್ತದೆ. ಅಮೆರಿಕದಲ್ಲಿ ಕ್ರೇನುಗಳಿಗೆ 50 ಕೆವಿ ತನಕ ಕಡಿಮೆ ಅಂದರೂ 10 ಅಡಿ ದೂರ ಅಂತ ನಿಯಮ. ನಿಮ್ಮ 5 ಮೀಟರ್ ಅದಕ್ಕಿಂತ ಒಳ್ಳೆಯದು, ಬಿಡಬೇಡಿ. ತಗುಲಿದರೆ ಮೊದಲು ಹೋಗುವವನು ತುದಿಯಲ್ಲಿ ಹೋಸ್ ಹಿಡಿದವನು.

ಇನ್ನು "ನನ್ನ ಜವಾಬ್ದಾರಿ" ಅನ್ನುವ ಮಾತು. ಸಾವಾದರೆ ಪೊಲೀಸರು ನಿರ್ಲಕ್ಷ್ಯದಿಂದಾದ ಸಾವಿನ ಸೆಕ್ಷನ್ ಬಿಎನ್‌ಎಸ್ 106 ಹಾಕುತ್ತಾರೆ, ಐದು ವರ್ಷದ ತನಕ ಶಿಕ್ಷೆ ಆಗಬಹುದು. ಎಫ್‌ಐಆರ್‌ನಲ್ಲಿ ಆಪರೇಟರ್ ಹೆಸರು ಬರದೆ ಇರುವುದಿಲ್ಲ. ಇನ್ನೊಂದು, ನಿಮ್ಮ ಇನ್ಶೂರೆನ್ಸ್ ಪಾಲಿಸಿಯನ್ನು ತೆಗೆದು ಓದಿ. ರಸ್ತೆಯಲ್ಲಿ ಓಡುವಾಗ ಆಗುವುದು ಬೇರೆ, ನಿಂತು ಕೆಲಸ ಮಾಡುವಾಗ ಮಗುಚಿಕೊಂಡರೆ ಬೇರೆ. ಎರಡನೆಯದು ಇದೆಯಾ ನೋಡಿ.

ಒಂದು ತಪ್ಪೊಪ್ಪಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಬ್ಬ ಪಂಪ್ ಆಪರೇಟರಿಗೆ "ಸುಮ್ನೆ ಹೊಡಿಯಪ್ಪ" ಅಂದವನೇ. ಅವನು ಹೊಡೆದ. ಏನೂ ಆಗಲಿಲ್ಲ. ಆ ಹುಡುಗ ಎಂಜಿನಿಯರ್ ಮೇಲೆ ಅದಕ್ಕೇ ನನಗೆ ಜಾಸ್ತಿ ಕೋಪ ಬರುತ್ತಿಲ್ಲ.

ಡಿಸ್ಪ್ಯಾಚ್_ಅಕ್ಕ

ನಾನು ಆರ್‌ಎಂಸಿ ಪ್ಲಾಂಟಿನ ಡಿಸ್ಪ್ಯಾಚಿನಲ್ಲಿ ಕೂರುವವಳು. ಟಿಎಂ ಕಳಿಸಿ, ವಾಪಸ್ ಬಂದಾಗ ಎಲ್ಲರ ಬೈಗುಳ ತಿನ್ನುವವಳು. ನಿಮ್ಮ ಜಗಳದಲ್ಲಿ ನಮ್ಮ ಪಾಲೂ ಇದೆ ಅಣ್ಣ. ಗೇಟಿನಲ್ಲಿ ಡ್ರಮ್ ತಿರುಗುತ್ತಿದೆಯಲ್ಲ, ನಿಮ್ಮ ಕತ್ತು ಹಿಸುಕುವುದು ಅದೇ.

ಎರಡು ಸಲ ಹೀಗೆ ಆದ ಮೇಲೆ ನಮ್ಮಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಪಂಪ್ ಆಪರೇಟರ್ ನಾಲ್ಕೂ ಕಾಲು ಊರಿ, ಬೂಮ್ ಬಿಚ್ಚಿ, ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ನಾಲ್ಕು ಕಾಲಿಗೆ ನಾಲ್ಕು ಫೋಟೋ, ತಟ್ಟೆಯ ಕೆಳಗೆ ಏನಿದೆ ಅಂತ ಕಾಣಬೇಕು. ಆಮೇಲೆ ನಾನು ಮೊದಲನೇ ಲೋಡ್ ಹಾಕಿಸುತ್ತೇನೆ. ಕಸ್ಟಮರ್ ಫೋನ್ ಮಾಡಿ ಯಾಕೆ ಲೇಟು ಅಂದರೆ, ಫೋಟೋ ಬಂದಿಲ್ಲ ಸರ್, ಸಿಸ್ಟಮ್ ತಗೊಳ್ತಿಲ್ಲ ಅನ್ನುತ್ತೇನೆ. ಸಿಸ್ಟಮ್ ಅಂದರೆ ನಾನೇ. ಮೊದಲು ಸೇಲ್ಸಿನವರು ಕೂಗಾಡಿದರು, ಸುರಿದು ಹಾಳಾಗುವ ಲೋಡ್ ಕಡಿಮೆ ಆದ ಮೇಲೆ ಸುಮ್ಮನಾದರು.

ಅರ್ಧ ಗಂಟೆ ತಡ ಆಗುತ್ತೆ ನಿಜ. ರಾಹುಕಾಲದವರು ಅರ್ಧ ಗಂಟೆ ಮುಂಚೆ ಪಂಪ್ ಕರೆಸಿಕೊಳ್ಳಲಿ.

ಬೂಮ್_ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಬಾಕಿ ದುಡ್ಡು ಕೇಳುವ ನೆಪದಲ್ಲಿ ಆ ಸೈಟಿಗೆ ಹೋಗಿದ್ದೆ. ಕಸ್ಟಮರ್ ಇರಲಿಲ್ಲ, ಎಂಜಿನಿಯರ್ ಹುಡುಗ ಇದ್ದ. ಸ್ಲ್ಯಾಬ್ ಮೇಲೆ ನೀರು ಕಟ್ಟಿದ್ದರು, ಚೆನ್ನಾಗೇ ಬಂದಿದೆ.

ಶನಿವಾರದ ಪಂಪಿನ ಎಡಗಾಲಿನ ಗುರುತು ಹಾಗೇ ಇತ್ತು. ಸ್ಲೀಪರ್ ಊರಿದ ಅಚ್ಚು, ಗೋಡೆ ಕಡೆಯ ಅಂಚು ನಾಲ್ಕು ಬೆರಳು ಆಳ, ಈ ಕಡೆಯದು ಒಂದೇ ಬೆರಳು. ಅಂದರೆ ಓರೆಯಾಗಿ ಕುಸಿದಿದೆ. ಅಲ್ಲಿಂದ ಒಂದು ಮೊಳ ದೂರದಲ್ಲಿ, ಗೋಡೆಗೆ ಸಮನಾಗಿ ಮಣ್ಣಿನಲ್ಲಿ ಒಂದು ಬಿರುಕು, ಉದ್ದಕ್ಕೆ ನನ್ನ ಹೆಜ್ಜೆಯಲ್ಲಿ ಹನ್ನೊಂದು ಹೆಜ್ಜೆ. ಬೀಡಿ ತೂರುವಷ್ಟು ಅಗಲ. ಅಕ್ಕನ ಮಗನನ್ನು ಕರೆದು ತೋರಿಸಿದೆ. ಅವನು ಬಗ್ಗಿ ಅದರೊಳಗೆ ಒಂದು ಕಡ್ಡಿ ಇಳಿಸಿದ, ಕಡ್ಡಿ ಮುಗಿಯಿತು, ಬಿರುಕು ಮುಗಿಯಲಿಲ್ಲ. ಎಂಜಿನಿಯರ್ ಹುಡುಗನೂ ನೋಡಿದ. ಏನೂ ಮಾತಾಡಲಿಲ್ಲ. ನಾವು ಗಾಡಿ ಹತ್ತುವಾಗ ತಿರುಗಿ ನೋಡಿದರೆ, ಬೂಟಿನಲ್ಲಿ ಮಣ್ಣು ಎಳೆದು ಬಿರುಕಿಗೆ ತುಂಬುತ್ತಿದ್ದ.

ಗೋಡೆಯನ್ನು ಒಳಗಿಂದ ಒಂದು ಸಲ ತೂಕಗುಂಡು ಬಿಟ್ಟು ನೋಡಿಸಿ ಅಂತ ಕಸ್ಟಮರಿಗೆ ಮೆಸೇಜ್ ಹಾಕಿದ್ದೇನೆ, ಬಿರುಕಿನ ಫೋಟೋ ಸಮೇತ. ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ. ಆದರೆ ಮಧ್ಯಾಹ್ನ ಹಳೇ ಬಾಕಿಯಲ್ಲಿ 20,000 ಅಕೌಂಟಿಗೆ ಬಂತು. ಯಾಕೆ ಬಂತೋ.

ಪಾಲಿಸಿ ತೆಗೆದೆ ಸರ್. ಅಕ್ಷರ ಸಣ್ಣದು, ನಾಳೆ ಏಜೆಂಟನ್ನೇ ಕರೆಸಿ ಓದಿಸುತ್ತೇನೆ. ಮಂಗಳವಾರ ಶಿರಾ ರಸ್ತೆಯಲ್ಲಿ ಒಂದು ಮೋಲ್ಡ್ ಇದೆ, ಸಂಜೆ ಬೈಕಿನಲ್ಲಿ ಜಾಗ ನೋಡಲು ಹೋಗುತ್ತಿದ್ದೇನೆ. ದಾವಣಗೆರೆಯವರಿಗೆ ಗೊತ್ತಿರಲಿ. ಹುಡುಗ ಒಂದು ಕಂಬಿಗೆ ಅಡಿ ಅಡಿಗೆ ಕೆಂಪು ಟೇಪ್ ಸುತ್ತಿ ಬೈಕಿಗೆ ಕಟ್ಟಿದ್ದಾನೆ.

ಡಿಸ್ಪ್ಯಾಚ್ ಅಕ್ಕ, ನಿಮ್ಮ ಗ್ರೂಪಿನಲ್ಲಿ ಆಪರೇಟರುಗಳಿಗೆ ಹಾಕುವ ಆ ಮೆಸೇಜ್ ಇದ್ದರೆ ಇಲ್ಲಿ ಹಾಕಿ. ನಮ್ಮ ಪ್ಲಾಂಟಿನವರಿಗೆ ತೋರಿಸುತ್ತೇನೆ.